ಅದೃಷ್ಟವೆಂಬುದುಂಟೆ?



ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನ ಕಾಲೇಜಿನ ಜಗಲಿಯ ಮೇಲೆ ಕಾಲು ಗಂಟೆ ನಿಂತರೆ ಸಾಕು, ತತ್ತ್ವಶಾಸ್ತ್ರದ ಒಂದು ದೊಡ್ಡ ಪ್ರಶ್ನೆ ತಾನಾಗಿಯೇ ಕಿವಿಗೆ ಬೀಳುತ್ತದೆ. ತೇರ್ಗಡೆಯಾದ ಹುಡುಗನು "ಕಷ್ಟಪಟ್ಟು ಓದಿದ್ದೆ, ಸಾರ್" ಎನ್ನುತ್ತಾನೆ. ತೇರ್ಗಡೆಯಾಗದೆ ಪಕ್ಕದಲ್ಲಿ ನಿಂತವನು "ನನ್ನ ಅದೃಷ್ಟ ಸರಿಯಿಲ್ಲ, ಸಾರ್, ಬಿಟ್ಟ ಪಾಠದಿಂದಲೇ ಎರಡು ಪ್ರಶ್ನೆ ಬಂದುವು" ಎನ್ನುತ್ತಾನೆ. ನಾಲ್ಕು ಹೆಜ್ಜೆ ಅತ್ತ ಹೋದಮೇಲೆ ಅದೇ ಹುಡುಗನು, ಗೆದ್ದವನನ್ನು ಕುರಿತು "ಅವನಿಗೇನಪ್ಪ, ಅದೃಷ್ಟವಂತ" ಎಂದು ಗೆಳೆಯನೊಡನೆ ಹೇಳುವುದೂ ಕೇಳಿಸುತ್ತದೆ. ಗೆದ್ದವನು ಸುಮ್ಮನಿರುವನೆ? "ಅವನು ಓದಿದ್ದರೆ ತಾನೆ ಬರುವುದಕ್ಕೆ!" ಎನ್ನುತ್ತಾನೆ. ಈ ನಾಲ್ಕು ಮಾತುಗಳನ್ನು ಅಧ್ಯಾಪಕರಾಗಿ ನಾವು ಪ್ರತಿ ವರ್ಷವೂ ಕೇಳಿದ್ದೇವೆ. ವಿದ್ಯಾರ್ಥಿದೆಸೆಯಲ್ಲಿ ನಾವೇ ಆಡಿಯೂ ಇದ್ದೇವೆ. ನಮ್ಮ ಗೆಲವಿಗೆ ಪ್ರಯತ್ನ ಕಾರಣ, ಪರರ ಗೆಲವಿಗೆ ಅದೃಷ್ಟ ಕಾರಣ. ನಮ್ಮ ಸೋಲಿಗೆ ಅದೃಷ್ಟ ಕಾರಣ, ಪರರ ಸೋಲಿಗೆ ಅವರ ಸೋಮಾರಿತನ ಕಾರಣ. ಹೀಗೆ ನಮ್ಮ ಅನುಕೂಲಕ್ಕೆ ತಕ್ಕಂತೆ ಅತ್ತಲೂ ಇತ್ತಲೂ ವಾಲುವ ಈ ಅದೃಷ್ಟವೆಂಬುದು ನಿಜವಾಗಿ ಉಂಟೆ? ಉಂಟಾದರೆ ಎಲ್ಲಿದೆ? ಇಲ್ಲವಾದರೆ ಇಷ್ಟು ಜನ ಅದನ್ನು ನಂಬುವುದೇಕೆ?

ಮೊದಲು ಮಾತಿನ ಅರ್ಥವನ್ನು ನೋಡೋಣ. ಅದೃಷ್ಟವೆಂದರೆ ಕಾಣದಿರುವುದು, ಅಷ್ಟೇ. ನಮ್ಮ ವೈಶೇಷಿಕ ದರ್ಶನದ ಸೂತ್ರಗಳಲ್ಲಿ ಈ ಪದಕ್ಕೆ ಒಂದು ವಿಚಿತ್ರವಾದ ಪ್ರಯೋಗವುಂಟು. ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವುದೇಕೆ? ಅದೃಷ್ಟದಿಂದ. ಗಿಡದ ಬೇರಿನ ನೀರು ಮೇಲಕ್ಕೇರುವುದೇಕೆ? ಅದೃಷ್ಟದಿಂದ. ಬೆಂಕಿಯ ಜ್ವಾಲೆಯು ಮೇಲ್ಮುಖವಾಗಿರುವುದೇಕೆ? ಅದೂ ಅದೃಷ್ಟದಿಂದ. ಕಾರಣವೊಂದು ಇರಲೇಬೇಕು, ಆದರೆ ಅದು ಕಣ್ಣಿಗೆ ಕಾಣಿಸದು ಎಂಬುದೇ ಇದರ ತಾತ್ಪರ್ಯ. ಅಯಸ್ಕಾಂತದ ಶಕ್ತಿಯನ್ನು ಈಗ ನಾವು ಅಳೆಯಬಲ್ಲೆವು. ಮರದೊಳಗೆ ನೀರೇರುವ ಬಗೆಯನ್ನು ಸಸ್ಯಶಾಸ್ತ್ರಜ್ಞರು ವಿವರಿಸಬಲ್ಲರು. ಬಿಸಿಯಾದ ಗಾಳಿಯು ಹಗುರವಾಗಿ ಮೇಲಕ್ಕೆ ಹೋಗುವುದರಿಂದ ಜ್ವಾಲೆಯೂ ಮೇಲೇಳುತ್ತದೆಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಒಂದು ಕಾಲದ ಅದೃಷ್ಟವು ಇನ್ನೊಂದು ಕಾಲಕ್ಕೆ ದೃಷ್ಟವಾಯಿತು. ಆದುದರಿಂದ ಈ ಪದವನ್ನು ಮೊದಲು ಬಳಸಿದವರನ್ನು ನಾವು ಮೂಢರೆಂದು ಹಳಿಯಲಾಗದು. ತಮ್ಮ ತಿಳಿವಳಿಕೆಯ ಎಲ್ಲೆ ಎಲ್ಲಿದೆಯೆಂದು ಪ್ರಾಮಾಣಿಕರಾಗಿ ಅವರು ಗೆರೆ ಎಳೆದರು. ಆ ಗೆರೆಯಾಚೆಗಿನ ಕತ್ತಲೆಗೆ ಒಂದು ಮುಖವನ್ನೂ ಒಂದು ಕೈಯನ್ನೂ ಕೊಟ್ಟವರು ನಾವು.

ಲೋಕದ ಬಳಕೆಯಲ್ಲಿ ಈ ಮಾತಿಗೆ ಎರಡು ಅರ್ಥಗಳು ಬೆರೆತುಹೋಗಿವೆ. ಒಂದು, ಆಕಸ್ಮಿಕ, ಯಾರೂ ಎಣಿಸದೆ, ಯಾರೂ ಉದ್ದೇಶಿಸದೆ ಒದಗುವ ಘಟನೆ. ಇನ್ನೊಂದು, ಮನುಷ್ಯನಿಗೋ ಮನೆಗೋ ವಸ್ತುವಿಗೋ ಅಂಟಿಕೊಂಡಿರುವ ಒಂದು ಗುಣ. ವೈದ್ಯರಿಗೆ ಕೈಗುಣ, ಸೊಸೆಗೆ ಕಾಲ್ಗುಣ ಎನ್ನುವಾಗ ನಾವು ಈ ಎರಡನೆಯ ಅರ್ಥವನ್ನು ಹಿಡಿದಿರುತ್ತೇವೆ. ಪಾಪಿ ಸಮುದ್ರಕ್ಕೆ ಹೋದರೂ ಮೊಳಕಾಲುದ್ದ ನೀರು ಎಂಬ ಗಾದೆಯ ಹಿಂದಿರುವುದೂ ಇದೇ. ಮೊದಲನೆಯದು ಘಟನೆಯನ್ನು ಕುರಿತ ಮಾತು, ಎರಡನೆಯದು ವ್ಯಕ್ತಿಯನ್ನು ಕುರಿತ ಮಾತು. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟು ವಿಚಾರಿಸಿದರೆ ಪ್ರಶ್ನೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಆಕಸ್ಮಿಕವು ಉಂಟೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅದನ್ನು ಅಳೆಯುವ ಶಾಸ್ತ್ರವೇ ಹುಟ್ಟಿದೆ. ೧೬೫೪ರಲ್ಲಿ ಫ್ರಾನ್ಸ್ ದೇಶದ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಗಣಿತಜ್ಞರು ಜೂಜಿನ ಸಮಸ್ಯೆಗಳನ್ನು ಕುರಿತು ಒಬ್ಬರಿಗೊಬ್ಬರು ಕಾಗದ ಬರೆದುಕೊಂಡರು. ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುವುದೆಂದು ಪಣ ಕಟ್ಟುವುದು ಲಾಭವೆ, ನಷ್ಟವೆ? ನಾಲ್ಕು ಎಸೆತಗಳಿಗೆ ಒಟ್ಟು ೧೨೯೬ ಬಗೆಯ ಫಲಗಳುಂಟು. ಅವುಗಳಲ್ಲಿ ೬೭೧ರಲ್ಲಿ ಆರು ಕಾಣಿಸುತ್ತದೆ, ೬೨೫ರಲ್ಲಿ ಕಾಣಿಸುವುದಿಲ್ಲ. ಆದುದರಿಂದ ಪಣ ಕಟ್ಟಿದವನಿಗೆ ಕೊಂಚ ಲಾಭ. ಎರಡು ದಾಳಗಳನ್ನು ಇಪ್ಪತ್ತನಾಲ್ಕು ಸಲ ಎಸೆದು ಜೋಡಿ ಆರು ಬೀಳುವುದೆಂದು ಪಣ ಕಟ್ಟಿದರೆ ಕೊಂಚ ನಷ್ಟ. ಮುಂದಿನ ಎಸೆತದಲ್ಲಿ ಏನು ಬೀಳುವುದೆಂದು ಪಾಸ್ಕಲನೂ ಹೇಳಲಾರ. ಆದರೆ ಸಾವಿರ ಎಸೆತಗಳಲ್ಲಿ ಎಷ್ಟು ಬೀಳಬಹುದೆಂಬುದನ್ನು ಅವನು ಮನೆಯಲ್ಲಿ ಕುಳಿತೇ ಹೇಳಬಲ್ಲ.

ಈ ಹೊಳಹು ನಮ್ಮವರಿಗೆ ಹೊಸದಲ್ಲ. ಮಹಾಭಾರತದ ಅರಣ್ಯಪರ್ವದಲ್ಲಿ ನಳನ ಕಥೆ ಬರುತ್ತದೆಯಷ್ಟೆ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡು ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದ ನಳನಿಗೆ, ದಾರಿಯಲ್ಲಿ ಋತುಪರ್ಣರಾಜನು ಒಂದು ತಾರೆಯ ಮರವನ್ನು ತೋರಿಸಿ ಅದರ ಎಲೆಕಾಯಿಗಳ ಲೆಕ್ಕವನ್ನು ನೋಟಮಾತ್ರದಿಂದ ಹೇಳಿದನು. ನಳನು ರಥವನ್ನು ನಿಲ್ಲಿಸಿ ಎಣಿಸಿ ನೋಡಿದನು, ಲೆಕ್ಕ ಸರಿಯಾಗಿತ್ತು. ಆಗ ಅವನು ತನ್ನ ಅಶ್ವವಿದ್ಯೆಯನ್ನು ಕೊಡುವೆನೆಂದು ಹೇಳಿ, ಅದಕ್ಕೆ ಪ್ರತಿಯಾಗಿ ರಾಜನಿಂದ ಅಕ್ಷಹೃದಯವನ್ನು ಪಡೆದನು. ಆ ವಿದ್ಯೆ ಕೈಗೂಡಿದೊಡನೆ ಇಷ್ಟು ಕಾಲವೂ ಅವನ ದೇಹವನ್ನು ಹೊಕ್ಕು ಕಾಡಿದ್ದ ಕಲಿಯು ಹೊರಬಿದ್ದನೆಂದು ಕಥೆ ಹೇಳುತ್ತದೆ. ಹಿಂದೆ ದಾಳಗಳನ್ನಾಗಿ ಉಪಯೋಗಿಸುತ್ತಿದ್ದುದು ಇದೇ ತಾರೆಯ ಕಾಯಿಗಳನ್ನು ಎಂಬುದನ್ನು ನೆನೆದರೆ ಈ ಸನ್ನಿವೇಶದ ಸ್ವಾರಸ್ಯ ಇಮ್ಮಡಿಯಾಗುತ್ತದೆ. ಎಣಿಸುವುದನ್ನು ಕಲಿತವನನ್ನು ಕಲಿಯು ಬಿಟ್ಟುಹೋದನು!

ದಾಳದ ವಿಷಯದಲ್ಲಾದರೋ, ಕೈಯ ವೇಗವೂ ನೆಲದ ಗಡಸೂ ಪೂರ್ತಿ ತಿಳಿದಿದ್ದರೆ ಫಲವನ್ನು ಮೊದಲೇ ಹೇಳಬಹುದಾಗಿತ್ತು ಎಂದು ವಾದಿಸಬಹುದು. ಆದರೆ ಪರಮಾಣುಗಳ ಲೋಕಕ್ಕೆ ಇಳಿದರೆ ಈ ವಾದವೂ ಸೋಲುತ್ತದೆ. ರೇಡಿಯಮ್ ಎಂಬ ಧಾತುವಿನ ಒಂದು ಚೂರನ್ನು ಇಟ್ಟರೆ ಸುಮಾರು ೧೬೦೦ ವರ್ಷಗಳಲ್ಲಿ ಅದರ ಅರ್ಧದಷ್ಟು ಪರಮಾಣುಗಳು ಸಿಡಿದು ಬೇರೆ ಧಾತುವಾಗಿರುತ್ತವೆ. ಇದು ನಿಶ್ಚಿತ. ಆದರೆ ಯಾವ ಪರಮಾಣು ಈ ಕ್ಷಣ ಸಿಡಿಯುವುದು, ಯಾವುದು ಎರಡು ಸಾವಿರ ವರ್ಷ ಸುಮ್ಮನಿರುವುದು ಎಂಬುದನ್ನು ಹೇಳಲು ಭೌತವಿಜ್ಞಾನದಲ್ಲಿ ಮಾರ್ಗವಿಲ್ಲ. ಆಕಸ್ಮಿಕವು ಸೃಷ್ಟಿಯ ತಳದಲ್ಲಿಯೇ ಕುಳಿತಿರುವಂತೆ ತೋರುತ್ತದೆ.

ಇನ್ನು ಎರಡನೆಯ ಅರ್ಥ. ಈ ಆಕಸ್ಮಿಕವು ಒಬ್ಬನನ್ನು ಆರಿಸಿಕೊಂಡು ಒಲಿಯುವುದೂ ಮತ್ತೊಬ್ಬನನ್ನು ಗುರಿಯಿಟ್ಟು ಕಾಡುವುದೂ ಉಂಟೆ? ೧೯೧೩ನೆಯ ಇಸವಿ ಆಗಸ್ಟ್ ೧೮ರಂದು ಮಾಂಟೆ ಕಾರ್ಲೊ ನಗರದ ಜೂಜುಮನೆಯೊಂದರಲ್ಲಿ ರೂಲೆಟ್ ಎಂಬ ತಿರುಗುಚಕ್ರದ ಗುಂಡು ಒಂದೇಸಮನೆ ಇಪ್ಪತ್ತಾರು ಸಲ ಕಪ್ಪು ಮನೆಯಲ್ಲಿಯೇ ಬಿದ್ದಿತು. ಇಷ್ಟು ಸಲ ಕಪ್ಪಾದ ಮೇಲೆ ಇನ್ನು ಕೆಂಪು ಬರಲೇಬೇಕೆಂದು ನಂಬಿ ಜನ ಕೆಂಪಿನ ಮೇಲೆ ಪಣವನ್ನು ಏರಿಸುತ್ತ ಹೋಗಿ ಅಪಾರವಾದ ಹಣವನ್ನು ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ; ಹಿಂದಿನ ಸಲ ಏನಾಯಿತೆಂಬುದು ಅದಕ್ಕೆ ತಿಳಿಯದು. ನೆನಪಿದ್ದುದು ಆಡುವವರಿಗೆ, ಕೆಟ್ಟುದೂ ಆ ನೆನಪಿನಿಂದಲೇ.

ಇದಕ್ಕಿಂತ ಗಂಭೀರವಾದ ಇನ್ನೊಂದು ನಿದರ್ಶನವುಂಟು. ೧೯೪೪ರಲ್ಲಿ ಜರ್ಮನರ ಹಾರುವ ಬಾಂಬುಗಳು ಲಂಡನ್ ನಗರದ ಮೇಲೆ ಬೀಳುತ್ತಿದ್ದಾಗ, ಕೆಲವು ಬಡಾವಣೆಗಳ ಮೇಲೆಯೇ ಅವು ಮತ್ತೆ ಮತ್ತೆ ಬೀಳುತ್ತವೆಂದು ಜನ ಹೇಳತೊಡಗಿದರು. ಯುದ್ಧ ಮುಗಿದ ಮೇಲೆ, ೧೯೪೬ರಲ್ಲಿ, ಕ್ಲಾರ್ಕ್ ಎಂಬ ವಿಮಾಗಣಿತಜ್ಞನು ದಕ್ಷಿಣ ಲಂಡನಿನ ನಕ್ಷೆಯನ್ನು ೫೭೬ ಸಮನಾದ ಚೌಕಗಳಾಗಿ ವಿಂಗಡಿಸಿ, ಅಲ್ಲಿ ಬಿದ್ದ ೫೩೭ ಬಾಂಬುಗಳನ್ನು ಎಣಿಸಿದ ತನ್ನ ಲೆಕ್ಕವನ್ನು ಪ್ರಕಟಿಸಿದನು. ೨೨೯ ಚೌಕಗಳಲ್ಲಿ ಒಂದೂ ಬಿದ್ದಿರಲಿಲ್ಲ. ೨೧೧ರಲ್ಲಿ ಒಂದು, ೯೩ರಲ್ಲಿ ಎರಡು, ೩೫ರಲ್ಲಿ ಮೂರು, ಉಳಿದ ಎಂಟು ಚೌಕಗಳಲ್ಲಿ ನಾಲ್ಕು ಅಥವಾ ಹೆಚ್ಚು. ಗುರಿಯೇ ಇಲ್ಲದೆ ಕುರುಡಾಗಿ ಬಿದ್ದಿದ್ದರೆ ಎಷ್ಟೆಷ್ಟು ಇರಬೇಕಾಗಿತ್ತೆಂದು ಗಣಿತ ಹೇಳುವುದೋ, ಹೆಚ್ಚುಕಡಮೆ ಅಷ್ಟೇ ಇದ್ದಿತು. ನಾಲ್ಕು ಬಾಂಬು ಬಿದ್ದ ಚೌಕದಲ್ಲಿ ಮನೆ ಕಳೆದುಕೊಂಡವನಿಗೆ ಈ ಲೆಕ್ಕದಿಂದ ಸಮಾಧಾನವಾಗಲಾರದು. ಆದರೆ ಅವನ ಬೀದಿಯನ್ನು ಯಾವ ಶನಿಯೂ ಹುಡುಕಿಕೊಂಡು ಬಂದಿರಲಿಲ್ಲ. ಆಕಸ್ಮಿಕವೆಂದರೆ ಎಲ್ಲರಿಗೂ ಸಮನಾಗಿ ಹಂಚುವುದೆಂದು ನಾವು ತಿಳಿದಿರುತ್ತೇವೆ; ಅದು ಹಾಗಲ್ಲ. ಕುರುಡು ಕೈಯಿಂದ ಎರಚಿದ ಕಾಳು ಕೆಲವೆಡೆ ಗುಂಪಾಗಿಯೇ ಬೀಳುತ್ತದೆ. ಆ ಗುಂಪಿಗೆ ನಾವು ಹೆಸರಿಡುತ್ತೇವೆ.

ಹಾಗಾದರೆ ನಂಬಿಕೆ ಏಕೆ ಹುಟ್ಟುತ್ತದೆ? ನಮಗೆ ತೋರುವ ಕಾರಣಗಳು ಮೂರು.

ಮೊದಲನೆಯದು, ನಮ್ಮ ನೆನಪಿನ ಪಕ್ಷಪಾತ. ಗ್ರೀಕ್ ಚಿಂತಕ ಡಯಾಗೊರಸನ ಕಥೆಯೊಂದನ್ನು ರೋಮಿನ ಸಿಸಿರೊ ಹೇಳಿದ್ದಾನೆ. ಹರಕೆ ಹೊತ್ತು ಕಡಲಿನ ಬಿರುಗಾಳಿಯಿಂದ ಪಾರಾದವರು ದೇವಾಲಯಕ್ಕೆ ಒಪ್ಪಿಸಿದ ಚಿತ್ರಗಳನ್ನು ಒಬ್ಬನು ಅವನಿಗೆ ತೋರಿಸಿ, ಇನ್ನಾದರೂ ನಂಬುವೆಯಾ ಎಂದು ಕೇಳಿದನಂತೆ. ಮುಳುಗಿಹೋದವರ ಚಿತ್ರಗಳೆಲ್ಲಿವೆ ಎಂದು ಡಯಾಗೊರಸನು ಮರುಪ್ರಶ್ನೆ ಹಾಕಿದನು. ಈ ಕಥೆಯನ್ನು ಬೇಕನ್ ಪಂಡಿತನೂ ತನ್ನ ೧೬೨೦ರ ಗ್ರಂಥದಲ್ಲಿ ಎತ್ತಿಕೊಂಡು, ಒದಗಿಬಂದುದನ್ನು ಮನಸ್ಸು ಗುರುತಿಟ್ಟುಕೊಳ್ಳುತ್ತದೆ, ಒದಗದೆ ಹೋದುದನ್ನು ಬಿಟ್ಟುಬಿಡುತ್ತದೆ ಎಂದು ತೋರಿಸಿಕೊಟ್ಟಿದ್ದಾನೆ. ಕಾಗೆ ಕುಳಿತುದಕ್ಕೂ ಕೊಂಬೆ ಮುರಿದುದಕ್ಕೂ ಸರಿಹೋಯಿತೆಂದು ನಮ್ಮಲ್ಲಿಯೂ ಗಾದೆಯುಂಟು. ಕಾಗೆ ಸಾವಿರ ಸಲ ಕುಳಿತು ಕೊಂಬೆ ಮುರಿಯದೆ ಹೋದುದಕ್ಕೆ ಮಾತ್ರ ಗಾದೆಯಿಲ್ಲ.

ಎರಡನೆಯದು, ಒಂದರ ಹಿಂದೆ ಒಂದು ಬಂದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಬಗೆಯುವ ಅಭ್ಯಾಸ. ೧೯೪೮ರಲ್ಲಿ ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಹಸಿದ ಪಾರಿವಾಳಗಳನ್ನು ಪಂಜರದಲ್ಲಿಟ್ಟು, ಅವು ಏನು ಮಾಡಿದರೂ ಮಾಡದಿದ್ದರೂ ಗೊತ್ತಾದ ಅಂತರಕ್ಕೆ ಸರಿಯಾಗಿ ಕಾಳು ಬರುವಂತೆ ಅವನು ಏರ್ಪಡಿಸಿದನು. ಕಾಳು ಬಂದಾಗ ಯಾವ ಪಾರಿವಾಳ ಏನು ಮಾಡುತ್ತಿತ್ತೋ ಅದನ್ನೇ ಅದು ಮತ್ತೆ ಮತ್ತೆ ಮಾಡತೊಡಗಿತು. ಒಂದು ಪಂಜರದೊಳಗೆ ಸುತ್ತು ಹಾಕಿತು. ಇನ್ನೊಂದು ಮೇಲಿನ ಮೂಲೆಗೆ ತಲೆ ಚಾಚಿತು. ಎಂಟರಲ್ಲಿ ಆರು ಪಾರಿವಾಳಗಳು ಹೀಗೆ ತಮ್ಮ ತಮ್ಮ ವ್ರತಗಳನ್ನು ಹಿಡಿದುವು. ಇದನ್ನು ಓದಿ ನಾವು ನಕ್ಕೆವು, ಆಮೇಲೆ ಬಿ.ಎ. ಪರೀಕ್ಷೆಯ ಅಷ್ಟು ದಿನವೂ ಒಂದೇ ಹಳೆಯ ಅಂಗವಸ್ತ್ರವನ್ನು ಹೊದೆದು ಹೋಗಿದ್ದುದು ನೆನಪಿಗೆ ಬಂದು ನಗು ನಿಂತಿತು. ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಆ ಅಂಗವಸ್ತ್ರ ನಮ್ಮ ಹೆಗಲ ಮೇಲಿದ್ದುದೇ ಅದಕ್ಕಿದ್ದ ಯೋಗ್ಯತೆ.

ಮೂರನೆಯದು ಅನಿಶ್ಚಯದ ಭಯ. ಮಲಿನೋವ್‌ಸ್ಕಿ ಎಂಬ ವಿದ್ವಾಂಸನು ೧೯೧೫ರಿಂದ ೧೯೧೮ರವರೆಗಿನ ಕಾಲದಲ್ಲಿ ನ್ಯೂಗಿನಿಯ ಬಳಿಯ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ವಾಸಮಾಡಿ ಅಲ್ಲಿಯ ಬೆಸ್ತರ ನಡೆನುಡಿಗಳನ್ನು ಗಮನಿಸಿದನು. ದಡದೊಳಗಿನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅವರಿಗೆ ಮಂತ್ರ ಬೇಕಿರಲಿಲ್ಲ. ಅಪಾಯವೂ ಅನಿಶ್ಚಯವೂ ತುಂಬಿದ ತೆರೆದ ಕಡಲಿಗೆ ಹೋಗುವಾಗ ಮಂತ್ರತಂತ್ರಗಳಿಲ್ಲದೆ ದೋಣಿ ಕದಲುತ್ತಿರಲಿಲ್ಲ. ಎಲ್ಲಿ ನಮ್ಮ ಕೈ ಸಾಗದೋ ಅಲ್ಲಿ ಅದೃಷ್ಟದ ಮಾತು ಹುಟ್ಟುತ್ತದೆ. ಕಾಲುವೆಯ ನೀರುಳ್ಳ ಗದ್ದೆಯವನಿಗಿಂತ ಮಳೆಯನ್ನೇ ನೆಚ್ಚಿದ ಬೆದ್ದಲು ಬೇಸಾಯದವನು ಪಂಚಾಂಗವನ್ನು ಹೆಚ್ಚು ತಿರುವಿ ಹಾಕುತ್ತಾನೆ. ಇದರಲ್ಲಿ ಅವನ ಬುದ್ಧಿಯ ದೋಷವೇನೂ ಇಲ್ಲ. ಮನಸ್ಸು ಬರಿಯ ಕತ್ತಲೆಯನ್ನು ಸಹಿಸದು.

ಇಷ್ಟೇ ಆಗಿದ್ದರೆ ಈ ನಂಬಿಕೆಯನ್ನು ನಿರಪಾಯವೆಂದು ಬಿಟ್ಟುಬಿಡಬಹುದಾಗಿತ್ತು. ಅಂಗವಸ್ತ್ರದಿಂದ ಯಾರಿಗೂ ನೋವಿಲ್ಲ. ಆದರೆ ಅದೃಷ್ಟವನ್ನು ವ್ಯಕ್ತಿಯ ಗುಣವೆಂದು ಒಪ್ಪಿದೊಡನೆ ದುರದೃಷ್ಟವೂ ವ್ಯಕ್ತಿಯ ಗುಣವೇ ಆಗುತ್ತದೆ. ಅಲ್ಲಿಗೆ ಅದು ಆಟವಾಗಿ ಉಳಿಯುವುದಿಲ್ಲ.

ನಮ್ಮ ಚಿಕ್ಕಮ್ಮನು ಮದುವೆಯಾಗಿ ನಮ್ಮ ಮನೆಗೆ ಬಂದ ವರ್ಷ ಮಳೆ ಹೋಯಿತು. ಊರಿನ ಬಾವಿಗಳೆಲ್ಲ ಬತ್ತಿದುವು. ಊರಿನ ಬಾವಿಗಳನ್ನು ಬತ್ತಿಸಿದ್ದು ಬಿಸಿಲು. ನಮ್ಮ ಮನೆಯ ಬಾವಿಯನ್ನು ಬತ್ತಿಸಿದ್ದು ಮಾತ್ರ ಚಿಕ್ಕಮ್ಮನ ಕಾಲ್ಗುಣ! ಆರು ತಿಂಗಳಲ್ಲಿ ಮುದಿಯಾಗಿದ್ದ ಎತ್ತೊಂದು ಸತ್ತಿತು. ಅದೂ ಆಕೆಯ ಲೆಕ್ಕಕ್ಕೆ ಸೇರಿತು. ಮರುವರ್ಷ ಮಳೆ ಚೆನ್ನಾಗಿ ಆಯಿತು, ಬಾವಿ ಕಟ್ಟೆಯವರೆಗೂ ತುಂಬಿತು. ಇದು ಯಾರ ಕಾಲ್ಗುಣವೆಂದು ಯಾರೂ ಕೇಳಲಿಲ್ಲ. ನಮ್ಮ ಅಜ್ಜಿ ಕ್ರೂರಿಯಲ್ಲ. ಒಮ್ಮೆ ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲು ಆಕೆಗೆ ದಾರಿ ತಿಳಿಯಲಿಲ್ಲ, ಅಷ್ಟೆ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಕಾಲಕ್ರಮದಲ್ಲಿ ಚಿಕ್ಕಮ್ಮನೇ ಆ ಮಾತನ್ನು ನಂಬಿದುದು. ಮನೆಯಿಂದ ಯಾರಾದರೂ ಶುಭಕಾರ್ಯಕ್ಕೆ ಹೊರಟರೆ ಯಾರೂ ಹೇಳದೆಯೇ ಆಕೆ ಅಡಿಗೆಮನೆಯ ಬಾಗಿಲ ಹಿಂದೆ ಸರಿದು ನಿಲ್ಲುತ್ತಿದ್ದಳು.

ಜೂಜಿನ ಚಕ್ರದ ಮುಂದೆ ಕುಳಿತವನು ತಪ್ಪು ಎಣಿಸಿದರೆ ತನ್ನ ಹಣವನ್ನು ಕಳೆದುಕೊಳ್ಳುತ್ತಾನೆ. ಮನೆಯಲ್ಲಿ ನಾವು ತಪ್ಪು ಎಣಿಸಿದರೆ ಇನ್ನೊಬ್ಬರ ಬಾಳನ್ನು ಪಣವಾಗಿ ಕಳೆಯುತ್ತೇವೆ.

ಹಾಗೆಂದು ಎಲ್ಲವೂ ಪ್ರಯತ್ನದಿಂದಲೇ, ಅದೃಷ್ಟವೆಂಬ ಮಾತನ್ನೇ ಕಿತ್ತೊಗೆಯಬೇಕು ಎಂದು ಸಾರುವವರ ಪಕ್ಷಕ್ಕೂ ನಾವು ಸೇರಲಾರೆವು. ಅದರಲ್ಲಿಯೂ ಒಂದು ಕಾಠಿಣ್ಯವಿದೆ. ಸೋತವನೆಲ್ಲ ಸೋಮಾರಿ ಎಂಬ ತೀರ್ಮಾನಕ್ಕೆ ಅದು ಕೊನೆಗೆ ಬಂದು ನಿಲ್ಲುತ್ತದೆ. ಒಂದೇ ಚಕ್ರದಿಂದ ರಥವು ಹೇಗೆ ನಡೆಯದೋ ಹಾಗೆ ಪುರುಷಪ್ರಯತ್ನವಿಲ್ಲದೆ ದೈವವು ಫಲಿಸದೆಂದು ಯಾಜ್ಞವಲ್ಕ್ಯ ಸ್ಮೃತಿಯು ಹೇಳುತ್ತದೆ. ಎರಡನೆಯ ಚಕ್ರವನ್ನು ಅದು ಅಲ್ಲಗಳೆಯುವುದಿಲ್ಲ. ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಇಬ್ಬರು ಹುಡುಗರು ಕುಳಿತಿರುತ್ತಾರೆ. ಒಬ್ಬನ ಮನೆಯಲ್ಲಿ ಪುಸ್ತಕದ ಬೀರುವೂ ಓದಲು ಕೋಣೆಯೂ ಉಂಟು. ಇನ್ನೊಬ್ಬನು ವಾರಾನ್ನದ ಮನೆಗಳನ್ನು ಸುತ್ತಿ ಬೀದಿದೀಪದ ಕೆಳಗೆ ಓದಿ ಬಂದಿರುತ್ತಾನೆ. ಇಬ್ಬರೂ ಪ್ರಯತ್ನಶೀಲರೇ. ಆದರೆ ಯಾವ ಮನೆಯಲ್ಲಿ ಹುಟ್ಟಬೇಕೆಂಬ ಪರೀಕ್ಷೆಗೆ ಇಬ್ಬರಲ್ಲಿ ಯಾರೂ ಓದಿರಲಿಲ್ಲ. ಜನ್ಮ, ಆರೋಗ್ಯ, ಹುಟ್ಟಿದ ಕಾಲ, ದೊರೆತ ಗುರು, ಇವುಗಳನ್ನು ನಾವು ಗಳಿಸಿದವರಲ್ಲ. ಬೇಕಾದರೆ ಇದನ್ನು ಅದೃಷ್ಟವೆನ್ನೋಣ. ಇದು ನಮ್ಮ ಗುಣವಲ್ಲ, ನಮ್ಮ ಮೇಲಿರುವ ಋಣ.

ಆದುದರಿಂದ ನಮ್ಮ ಸೂಚನೆ ಇಷ್ಟು. ಕಾಲೇಜಿನ ಜಗಲಿಯ ಮೇಲೆ ಕೇಳಿದ ಆ ನಾಲ್ಕು ಮಾತುಗಳನ್ನು ತಿರುವುಮುರುವು ಮಾಡೋಣ. ನಾವು ಗೆದ್ದಾಗ ನಮಗೆ ಕಾಣದೆ ಒದಗಿದುದೇನೆಂದು ಹುಡುಕೋಣ. ನಾವು ಸೋತಾಗ ನಮ್ಮ ಪ್ರಯತ್ನದ ಕೊರತೆ ಎಲ್ಲಿತ್ತೆಂದು ನೋಡೋಣ. ಪರರು ಗೆದ್ದರೆ ಅವರ ಶ್ರಮವನ್ನು ಮೊದಲು ನೆನೆಯೋಣ. ಪರರು ಸೋತರೆ, ಅವರನ್ನು ಹಳಿಯುವ ಮೊದಲು, ಅವರ ಪಾಲಿಗೆ ಬಿದ್ದ ದಾಳ ಯಾವುದೆಂದು ಕೇಳೋಣ. ಇದು ಸುಲಭವಲ್ಲ. ನಲವತ್ತು ದಾಟಿದಮೇಲೂ ನಮಗೆ ಇದು ಸರಿಯಾಗಿ ಅಭ್ಯಾಸವಾಗಿಲ್ಲ.

ಬಿ.ಎ. ಪರೀಕ್ಷೆಗೆಂದು ನಾವು ಊರಿನಿಂದ ಹೊರಟ ದಿನ ಮುಂಜಾನೆ ಐದಕ್ಕೆ ಬಂಡಿ ಹೂಡಬೇಕಾಗಿತ್ತು. ಅಜ್ಜಿ ದೇವರಿಗೆ ಮುಡಿಪು ಕಟ್ಟಿದರು. ತಂದೆಯವರು ರಾಹುಕಾಲವನ್ನು ನೋಡಿದರು. ಹೆಗಲ ಮೇಲೆ ಆ ಅಂಗವಸ್ತ್ರವಿತ್ತು. ಫಲಿತಾಂಶ ಬಂದಾಗ ಅಜ್ಜಿಯವರು ಮುಡಿಪನ್ನು ಕೊಂಡಾಡಿದರು, ತಂದೆಯವರು ಮುಹೂರ್ತವನ್ನು ಕೊಂಡಾಡಿದರು. ನಾವು ಮಾತ್ರ ನಮ್ಮ ಓದನ್ನು ಕೊಂಡಾಡಿಕೊಂಡೆವು. ಬಹಳ ವರ್ಷಗಳ ಮೇಲೆ ಒಂದು ದಿನ ನಮಗೆ ಹೊಳೆಯಿತು: ಆ ಬೆಳಗ್ಗೆ ಬಂಡಿಯೊಳಗೆ ಬಾಳೆಯೆಲೆಯಲ್ಲಿ ಕಟ್ಟಿದ ಮೊಸರನ್ನದ ಬುತ್ತಿಯಿತ್ತು; ಅದು ಇನ್ನೂ ಬೆಚ್ಚಗಿತ್ತು. ಅಂದರೆ ಮೂರು ಗಂಟೆಗೇ ಎದ್ದು ಒಲೆ ಹೊತ್ತಿಸಿದವರು ಯಾರೋ ಇದ್ದರು. ಓದುವ ಅಷ್ಟು ವರ್ಷಗಳ ರಜೆಯಲ್ಲಿಯೂ ನಮ್ಮ ದೀಪಕ್ಕೆ ಎಣ್ಣೆ ತುಂಬಿಡುತ್ತಿದ್ದವರು ಯಾರೋ ಇದ್ದರು. ಹೊರಡುವಾಗ ಎಲ್ಲರಿಗೂ ನಮಸ್ಕಾರ ಮಾಡಿದೆವು. ಆಕೆಯೊಬ್ಬಳು ಬಾಗಿಲ ಹಿಂದೆ ಸರಿದಿದ್ದುದರಿಂದ ಕಾಣಿಸಲಿಲ್ಲ.

ಅದೃಷ್ಟವೆಂದರೆ ಕಾಣದಿರುವುದು ಎಂದು ಮೊದಲಿನಲ್ಲಿ ಹೇಳಿದೆವಷ್ಟೆ. ಹೋದ ವರ್ಷ ನಮ್ಮ ಮಗಳ ಮದುವೆಯಲ್ಲಿ ಹೆಣ್ಣುಗಂಡುಗಳಿಗೆ ಮೊದಲ ಆರತಿಯನ್ನು ಎತ್ತಬೇಕೆಂದು ಚಿಕ್ಕಮ್ಮನನ್ನು ಕರೆದೆವು. ಆಕೆ ಮೂರು ಸಲ ಬೇಡವೆಂದಳು. ನಾಲ್ಕನೆಯ ಸಲ ಬಂದಳು. ತಟ್ಟೆಯನ್ನು ಹಿಡಿದಾಗ ಆಕೆಯ ಕೈ ನಡುಗುತ್ತಿತ್ತು. ನಮ್ಮ ಮಗಳು ತನ್ನ ಕೈಯನ್ನೂ ತಟ್ಟೆಗೆ ಆನಿಸಿ ಹಿಡಿದಳು.